ಹೊಳೆಗೆ ಹೋದ ನಿರ್ಮಾಲ್ಯ

ಮರುದಿನ ಅಮಾವಾಸ್ಯೆ. ದೇವರ ಮನೆಯ ಹಿತ್ತಾಳೆ ದೀಪಗಳನ್ನು ಹಿತ್ತಲ ಕಲ್ಲಿನ ಮೇಲೆ ಇಟ್ಟುಕೊಂಡು, ಸಾರಿಗೆ ಹಿಂಡಿ ಉಳಿದಿದ್ದ ಹುಣಸೆಹಣ್ಣಿನ ಚರಟದಲ್ಲಿ ಉಜ್ಜುತ್ತಿದ್ದೆ. ಒಳಗೆ ಫೋನು ಬಡಿದುಕೊಳ್ಳತೊಡಗಿತು. ಯಜಮಾನರು ಆಫೀಸಿಗೆ ಹೋಗಿದ್ದರು. ಬೇಸಿಗೆ ರಜ ಎಂದು ಮಕ್ಕಳು ಆಯನೂರಿನಲ್ಲಿ, ನನ್ನ ತವರಿನಲ್ಲಿದ್ದರು. ಕೈ ತೊಳೆಯುವಷ್ಟರಲ್ಲಿ ನಿಂತೇ ಹೋಗುತ್ತದೆ ಎಂದು ಹುಣಸೆಯ ಕೈಯಲ್ಲೇ ರಿಸೀವರ್ ಎತ್ತಿದೆ.

"ಅಕ್ಕಾ, ಈಗ್ಲೇ ಹೊರಟು ಬನ್ನಿ. ಅತ್ತೆಯ ಲಿಂಗ ಕಾಣ್ತಿಲ್ಲ."

ಭದ್ರಾವತಿಯ ಓಲ್ಡ್ ಟೌನಿನಿಂದ ನನ್ನ ಓರಗಿತ್ತಿ, ಮೈದುನನ ಹೆಂಡತಿ. ನಮ್ಮತ್ತೆ ಆರು ತಿಂಗಳು ಶಿವಮೊಗ್ಗದ ರವೀಂದ್ರನಗರದಲ್ಲಿ ನಮ್ಮ ಜೊತೆ, ಆರು ತಿಂಗಳು ಅಲ್ಲಿ ಕಿರಿಯ ಮಗನ ಜೊತೆ ಇರುತ್ತಿದ್ದರು. ಯುಗಾದಿ ಮುಗಿಸಿಕೊಂಡು ಆಗಷ್ಟೇ ಅಲ್ಲಿಗೆ ಹೋಗಿದ್ದರು.

"ಕಾಣ್ತಿಲ್ಲ ಅಂದ್ರೇನು ಮಾರಾಯ್ತಿ? ಕೊರಳಲ್ಲಿರೋದು ಎಲ್ಲಿಗೆ ಹೋಗುತ್ತೆ?"

"ನೀವು ಬನ್ನಿ ಅಕ್ಕ. ಬೆಳಿಗ್ಗೆ ಸಕ್ಕರೆ ಕಾಯಿಲೆ ಮಾತ್ರೆ ನುಂಗಿದ್ದೇ ಕೊನೆ. ಆಮೇಲೆ ಒಂದು ಹನಿ ನೀರು ಮುಟ್ಟಿಲ್ಲ. ಸಿಗೋವರೆಗೂ ಮುಟ್ಟಲ್ಲ ಅಂತ ಕೂತಿದಾರೆ."

ನಮ್ಮ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. ನಾವು ಲಿಂಗ ಕಟ್ಟಿಕೊಂಡವರು. ದೊಡ್ಡ ನೆಲ್ಲಿಕಾಯಿಯಷ್ಟಿರುವ ಕಪ್ಪು ಲಿಂಗ. ದಿನಾ ಮಿಂದು, ಅದನ್ನು ಎಡಗೈಯಲ್ಲಿಟ್ಟು ನೀರೆರೆದು, ಪತ್ರೆ ಹೂವು ಏರಿಸಿ, ಪೂಜೆಯಾದ ಮೇಲೆ ಬಟ್ಟೆಯಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಳ್ಳುತ್ತೇವೆ. ಉಣ್ಣುವುದಕ್ಕೆ ಮುಂಚೆ ಅನ್ನವನ್ನು ಮೊದಲು ಅದಕ್ಕೆ ತೋರಿಸಬೇಕು. ನನ್ನಂಥವರು ಅವಸರದಲ್ಲಿ ಸೆರಗಿನ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿ ಮುಗಿಸಿಬಿಡುತ್ತೇವೆ. ಅತ್ತೆ ಹಾಗಲ್ಲ. ಗಂಟು ಬಿಚ್ಚಿ, ಅಂಗೈಗೆ ತೆಗೆದುಕೊಂಡು, ತೋರಿಸಿಯೇ ತುತ್ತು ಎತ್ತುವವರು. ಲಿಂಗ ಕಳೆದರೆ ಅಂಥವರು ಉಣ್ಣುವುದಿಲ್ಲ. ಗುರುಗಳು ಇನ್ನೊಂದನ್ನು ಕೊಟ್ಟು ಕಟ್ಟಬೇಕು. ನಮ್ಮ ಅಯ್ಯನವರೋ ಯಾವುದೋ ಗೃಹಪ್ರವೇಶಕ್ಕೆ ಹೋಗಿದ್ದರು, ರಾತ್ರಿಗೇ ಬರುವುದೆಂದು ಓರಗಿತ್ತಿ ಆಗಲೇ ವಿಚಾರಿಸಿ ತಿಳಿದುಕೊಂಡಿದ್ದಳು.

ರಾತ್ರಿಯವರೆಗೆ ಹೇಗೆ? ಮಾತ್ರೆ ನುಂಗಿ ಹೊಟ್ಟೆಗೆ ಹಾಕದೇ ಇದ್ದರೆ ಸಕ್ಕರೆ ದಿಢೀರನೆ ಇಳಿದು ಎಚ್ಚರ ತಪ್ಪಬಹುದು ಎಂದು ಡಾಕ್ಟರು ನನ್ನೆದುರೇ ಹೇಳಿದ್ದರು. ದೀಪಗಳನ್ನು ಹಾಗೇ ಬಿಟ್ಟು, ಬಟ್ಟೆಯ ಚೀಲವೊಂದನ್ನು ಹೆಗಲಿಗೆ ಹಾಕಿಕೊಂಡು ಬಸ್‌ಸ್ಟ್ಯಾಂಡಿಗೆ ಓಡಿದೆ. ಭದ್ರಾವತಿ ಬಸ್ಸು ಹೊರಡುವುದರಲ್ಲಿತ್ತು. ಅದೊಂದು ಪುಣ್ಯ.

ದಾರಿಯುದ್ದಕ್ಕೂ ಅತ್ತೆಯ ನೆನಪೇ. ಈಗ ಪೇಪರಿನಲ್ಲಿ, ಟೀವಿಯಲ್ಲಿ, ಮನೆಯಲ್ಲೇ ಹೀಗೆ ಮಾಡಿ, ಹಾಗೆ ಉಳಿಸಿ, ಪರಿಸರ ಕಾಪಾಡಿ ಎಂದು ಹೇಳುತ್ತಾರಲ್ಲ, ಅದರಲ್ಲಿ ಮುಕ್ಕಾಲು ಪಾಲು ನಮ್ಮತ್ತೆ ನನಗೆ ಬೈದು ಬೈದು ಕಲಿಸಿದ್ದು. ಬಚ್ಚಲ ನೀರು ಚರಂಡಿಗೆ ಬಿಡಕೂಡದು, ಬಾಳೆಬುಡಕ್ಕೆ ತಿರುಗಿಸಬೇಕು. ಹಳೇ ಸೀರೆ ಮೊದಲು ಕೌದಿಯಾಗಬೇಕು, ಕೌದಿ ಹರಿದರೆ ನೆಲ ಒರೆಸುವ ಬಟ್ಟೆ. ಉಣ್ಣೆ ಬಟ್ಟೆಗೆ ಅಂಟುವಾಳ. ಎಲ್ಲಕ್ಕಿಂತ ಕಟ್ಟುನಿಟ್ಟು ನಿರ್ಮಾಲ್ಯದ್ದು, ಎಂದರೆ ಪೂಜೆಯಾಗಿ ಇಳಿಸಿದ ಹೂವು ಪತ್ರೆಗಳದ್ದು. ಲಿಂಗಕ್ಕೆ ಏರಿದ್ದು ಯಾರ ಕಾಲಡಿಗೂ ಬೀಳಬಾರದು, ಕಸದ ಜೊತೆ ಸೇರಬಾರದು. ಹಿತ್ತಲ ದಾಸವಾಳದ ಪಕ್ಕ ಒಂದು ಮೊಳದ ಗುಂಡಿ ತೋಡಿ ಅದರಲ್ಲಿ ಹಾಕಿ ಮೇಲೆ ಮಣ್ಣು ಎಳೆಯಬೇಕು. ಅದು ಕೊಳೆತು ಗಿಡಕ್ಕೆ ಸೇರಿ, ಗಿಡ ಮತ್ತೆ ಹೂ ಕೊಡಬೇಕು. ಇದಕ್ಕೆ ಅತ್ತೆ ಪರಿಸರ ಗಿರಿಸರ ಎಂದೇನೂ ಹೆಸರಿಟ್ಟಿರಲಿಲ್ಲ. ಅವರಿಗೆ ಅದು ಪೂಜೆಯ ಕೊನೆಯ ಭಾಗ, ಅಷ್ಟೇ.

ನಾನು ಹೋದಾಗ ಅವರು ಹಿತ್ತಲಲ್ಲಿ ಅಂಥದೇ ಗುಂಡಿಯ ಪಕ್ಕದಲ್ಲಿ ಕೂತಿದ್ದರು.

ಓಲ್ಡ್ ಟೌನಿನ ಆ ಮನೆಯ ಹಿತ್ತಲೆಂದರೆ ನಾಲ್ಕು ಜನ ನಿಂತರೆ ತುಂಬುವಷ್ಟು ಜಾಗ. ಅಕ್ಕಪಕ್ಕದ ಮನೆಯವರ ಗೋಡೆಗಳೇ ಬೇಲಿ. ಆ ಇಕ್ಕಟ್ಟಿನಲ್ಲಿ ಅತ್ತೆ ಕುಕ್ಕರುಗಾಲಲ್ಲಿ ಕೂತು, ಮೊಣಕೈವರೆಗೆ ಮಣ್ಣು ಮಾಡಿಕೊಂಡು, ಗುಂಡಿಯನ್ನು ಕೆದಕುತ್ತಿದ್ದರು. ಬಿಸಿಲು ನೆತ್ತಿಗೆ ಏರುತ್ತಿತ್ತು. ಪಕ್ಕದ ಮನೆಯ ತಮಿಳು ಹೆಂಗಸು ಅವರ ತಲೆಯ ಮೇಲೆ ಕೊಡೆ ಹಿಡಿದು ನಿಂತಿದ್ದಳು.

"ಬಂದ್ಯೇನೇ? ಕಣ್ಣು ಚೆನ್ನಾಗಿರೋಳು, ಬಾ, ನೋಡು. ಇಲ್ಲೇ ಇರಬೇಕು. ಪತ್ರೆ ಜೊತೆ ಬಿದ್ದುಬಿಟ್ಟಿದೆ."

"ಅತ್ತೆ, ಮೊದಲು ಒಂದು ಗುಟುಕು ನೀರು ಕುಡೀರಿ. ನಾನು ಹುಡುಕ್ತೀನಿ."

"ನೀರಿನ ಮಾತು ಎತ್ತಬೇಡ."

ಏನಾಯಿತೆಂದು ಅವರೇ ಹೇಳಿದರು. ನಸುಕಿನಲ್ಲಿ ಕರೆಂಟು ಹೋಗಿತ್ತು. ಒಂದು ಕಣ್ಣಿಗೆ ಪೊರೆ, ಬೆರಳ ತುದಿಗಳಿಗೆ ಸಕ್ಕರೆ ಕಾಯಿಲೆಯಿಂದ ಜೋಮು. ದೀಪದ ಬೆಳಕಿನಲ್ಲಿ ಪೂಜೆ ಮುಗಿಸಿ, ತಟ್ಟೆಯಲ್ಲಿ ಕೈಗೆ ಗಟ್ಟಿಯಾಗಿ ಸಿಕ್ಕಿದ್ದನ್ನು ಬಟ್ಟೆಯಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಂಡಿದ್ದರು. ತಿಂಡಿಗೆ ಕೂತು, ತೋರಿಸಬೇಕೆಂದು ಗಂಟು ಬಿಚ್ಚಿದರೆ ಅಂಗೈಯಲ್ಲಿ ವಿಭೂತಿಯ ಗಟ್ಟಿ! ಲಿಂಗ ಹೂಪತ್ರೆಗಳ ಅಡಿಯಲ್ಲಿ ತಟ್ಟೆಯಲ್ಲೇ ಉಳಿದುಹೋಗಿತ್ತು. ಅಷ್ಟರಲ್ಲಿ ಓರಗಿತ್ತಿ ಆ ತಟ್ಟೆಯನ್ನು ಎತ್ತಿ, ನಿರ್ಮಾಲ್ಯ ತೆಗೆದು, ತೊಳೆದು ಕವುಚಿಟ್ಟಿದ್ದಳು.

"ಇವಳು ದಿನಾ ಇಲ್ಲೇ ಹಾಕೋದು. ಹಾಗಿದ್ಮೇಲೆ ಎಲ್ಲಿಗೆ ಹೋಗುತ್ತೆ ಹೇಳು," ಎಂದರು ಅತ್ತೆ.

ನಾನು ಬಗ್ಗಿ ಗುಂಡಿ ನೋಡಿದೆ. ಒಣಗಿ ಪುಡಿಯಾದ ಬಿಲ್ವಪತ್ರೆ, ಎಂದೋ ಕರಗಿದ ದಾಸವಾಳದ ತೊಟ್ಟುಗಳು, ಇರುವೆ. ಅಂದಿನ ಹೂವು ಒಂದೂ ಇರಲಿಲ್ಲ. ಹಿಂದಿನ ದಿನದ್ದೂ ಇರಲಿಲ್ಲ. ತಲೆಯೆತ್ತಿ ಓರಗಿತ್ತಿಯ ಮುಖ ನೋಡಿದೆ. ಅವಳು ಅಡಿಗೆಮನೆಯ ಬಾಗಿಲಲ್ಲಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಕಣ್ಣಲ್ಲೇ ಒಳಗೆ ಬನ್ನಿ ಎಂದಳು.

ಒಳಗೆ ಹೋದ ಕೂಡಲೇ ನನ್ನ ಕೈ ಹಿಡಿದುಕೊಂಡಳು. "ಗುಂಡಿಗೆ ಹಾಕೋದು ಬಿಟ್ಟು ಬಹಳ ದಿನ ಆಯ್ತು ಅಕ್ಕ. ಕವರಿಗೆ ಹಾಕಿ ಗಂಟು ಕಟ್ಟಿ ಇವರ ಸ್ಕೂಟರಿಗೆ ಸಿಕ್ಕಿಸ್ತೀನಿ. ಇವರು ಡ್ಯೂಟಿಗೆ ಹೋಗ್ತಾ ಸೇತುವೆ ಮೇಲಿಂದ ಹೊಳೆಗೆ ಬಿಡ್ತಾರೆ."

"ಇವತ್ತೂ?"

"ಇವತ್ತೂ."

ಅತ್ತೆ ಹೊರಗೆ ಕೂತು, ಇಲ್ಲದ ಜಾಗದಲ್ಲಿ, ಇಲ್ಲದ್ದನ್ನು ಹುಡುಕುತ್ತಿದ್ದರು. ಇವಳು ಬೆಳಿಗ್ಗೆಯಿಂದ ಅದನ್ನು ನೋಡುತ್ತಾ ಬಾಯಿ ಬಿಟ್ಟಿರಲಿಲ್ಲ.

"ಹೇಳಿಬಿಡೋದಲ್ವೇನೇ?"

"ಹೇಗೆ ಹೇಳಲಿ? ಹೊಳೇಲಿ ಹೋಯ್ತು ಅಂದ್ರೆ ಆ ಜೀವ ಅಲ್ಲೇ ಉರುಳಿಬಿಡುತ್ತೆ. ಗುಂಡೀಲಿದೆ ಅನ್ನೋ ಆಸೆ ಮೇಲೆ ಕೂತಿದಾರೆ."

ಅವಳು ಹೇಳಿದ್ದರಲ್ಲೂ ಸುಳ್ಳಿರಲಿಲ್ಲ. ಮೈದುನ ಫಸ್ಟ್ ಶಿಫ್ಟಿನಲ್ಲಿದ್ದ. ಕಾರ್ಖಾನೆಯ ಒಳಗಿರುವವನನ್ನು ಕರೆಸಿ ಕೇಳುತ್ತಾ ಕೂರಲು ಹೊತ್ತಿರಲಿಲ್ಲ. ಪಕ್ಕದ ಮನೆಯಾಕೆಗೆ ಅತ್ತೆಯನ್ನು ಒಪ್ಪಿಸಿ, "ಇವರನ್ನ ನೆರಳಿಗೆ ಕೂರಿಸಮ್ಮ, ಮಾತಾಡಿಸ್ತಾ ಇರು, ಮಾತು ತೊದಲಿದ್ರೆ ಬಾಯಿಗೆ ಸಕ್ಕರೆ ಹಾಕಿಬಿಡು, ಪಾಪ ನನಗಿರಲಿ," ಎಂದೆ. ಅತ್ತೆಗೆ ಮಾತ್ರ "ಅಯ್ಯನವರನ್ನ ವಿಚಾರಿಸ್ಕೊಂಡು ಬರ್ತೀವಿ" ಎಂದು ಹೇಳಿ ಆಟೋ ಹತ್ತಿದೆವು.

ಆಟೋದಲ್ಲಿ ಕೇಳಿದೆ. "ಸ್ಕೂಟರ್ ಓಡಿಸ್ತಾ ಎಸೀತಾನಾ, ನಿಲ್ಲಿಸಿ ಎಸೀತಾನಾ?"

"ಸೇತುವೆ ಮಧ್ಯ ನಿಲ್ಲಿಸಿ, ಕವರನ್ನ ಕಣ್ಣಿಗೊತ್ಕೊಂಡು, ಕೈ ಮುಗಿದು ಎಸೀತಾರೆ ಅಕ್ಕ. ಅಷ್ಟು ಭಕ್ತಿ ಇದೆ."

ಬೇರೆ ಹೊತ್ತಾಗಿದ್ದರೆ ನಗುತ್ತಿದ್ದೆ.

ಸೇತುವೆಯ ಪಕ್ಕದಿಂದ ಇಳಿದೆವು. ಬೇಸಿಗೆಯ ಭದ್ರೆ ಮಧ್ಯದಲ್ಲಿ ಸಣ್ಣಗೆ ಹರಿಯುತ್ತಿದ್ದಳು. ಎರಡೂ ಕಡೆ ಬಂಡೆ, ಜೊಂಡು, ನಿಂತ ನೀರು. ಮಳೆಗಾಲವಾಗಿದ್ದರೆ ಹುಡುಕುವ ಮಾತೇ ಇರಲಿಲ್ಲ. ನೀರು ಕಡಿಮೆಯಿದೆಯಲ್ಲ ಶಿವನೇ ಎಂದುಕೊಂಡು ಹತ್ತಿರ ಹೋದೆ. ಜೊಂಡಿನ ತುಂಬ ಕವರುಗಳು. ಬಿಳಿ, ಕಪ್ಪು, ಹಳದಿ, ಗುಲಾಬಿ. ಎಲ್ಲಕ್ಕೂ ಗಂಟು ಹಾಕಿತ್ತು. ಊರಿನ ಎಷ್ಟೋ ಮನೆಯವರು ನನ್ನ ಮೈದುನನ ಹಾಗೆಯೇ ಕೈ ಮುಗಿದು ಎಸೆದು ಹೋಗಿದ್ದರು.

"ನಮ್ಮದು ಯಾವುದು?"

"ಹಳದಿ ಕವರು. ಬಟ್ಟೆ ಅಂಗಡೀದು. ಎರಡು ಗಂಟು ಹಾಕಿರ್ತೀನಿ."

ಆ ಬಟ್ಟೆ ಅಂಗಡಿಗೆ ಓಲ್ಡ್ ಟೌನಿನ ಯಾರು ಹೋಗುವುದಿಲ್ಲ ಹೇಳಿ! ಹಳದಿ ಕವರುಗಳೇ ಹೆಚ್ಚು. ಚಪ್ಪಲಿ ದಡದಲ್ಲಿ ಬಿಟ್ಟು, ಸೀರೆ ಎತ್ತಿ ಸಿಕ್ಕಿಸಿಕೊಂಡು ನೀರಿಗಿಳಿದೆವು. ಕೆಸರು ಮೊಣಕಾಲವರೆಗೆ ಹಿಡಿಯಿತು. ಒಂದೊಂದೇ ಕವರು ಎಳೆದು ಬಿಚ್ಚತೊಡಗಿದೆವು. ಒಂದರಲ್ಲಿ ಸತ್ಯನಾರಾಯಣ ಪೂಜೆಯ ಬಾಳೆಕಂದು, ಒಂದರಲ್ಲಿ ಕೊಳೆತ ತೆಂಗಿನಕಾಯಿ, ಇನ್ನೊಂದರಲ್ಲಿ ಗಾಜೊಡೆದ ದೇವರ ಪಟ. ಒಳಗಿನ ಹೂವು ಮಣ್ಣೂ ಆಗಿರಲಿಲ್ಲ, ನೀರೂ ಆಗಿರಲಿಲ್ಲ. ಬಿಸಿಲಿಗೆ ಬೆಂದು ಕಪ್ಪಾಗಿ ವಾಸನೆ ಹೊಡೆಯುತ್ತಿತ್ತು. ಯಾರೋ ಭಕ್ತಿಯಿಂದ ಏರಿಸಿದ ಹೂವನ್ನು ನಾನು ಮೂಗು ಮುಚ್ಚಿಕೊಂಡು ಬಿಚ್ಚಬೇಕಾಯಿತು. ಬಿಚ್ಚಿದ ಕವರನ್ನು ಮತ್ತೆ ಹೊಳೆಗೆ ಬಿಡಲು ಮನಸ್ಸು ಬರಲಿಲ್ಲ. ಹಿಂಡಿ ಹಿಂಡಿ ನನ್ನ ಚೀಲಕ್ಕೆ ತುರುಕಿದೆ.

ಸೇತುವೆಯ ಮೇಲಿಂದ ಯಾರೋ ಕೂಗಿದ. "ಏನಮ್ಮಾ, ಚಿನ್ನ ಗಿನ್ನ ಬಿತ್ತಾ?"

"ನಿಮ್ಮ ಮನೆ ಪೂಜೆ ಹೂವು ಇಲ್ಲೇ ಕೊಳೀತಿದೆ, ಬಾ, ತಗೊಂಡು ಹೋಗು!" ಓರಗಿತ್ತಿ ಕೂಗಿಬಿಟ್ಟಳು. ಅವನು ನಗುತ್ತಾ ಹೋದ. ಅವಳ ಕಣ್ಣಲ್ಲಿ ಮಾತ್ರ ನೀರಿತ್ತು.

"ಎಷ್ಟು ಅಂತ ಬಿಚ್ಚೋದು ಅಕ್ಕ? ಈಗಾಗ್ಲೇ ಮುಳುಗಿ ಹೋಗಿದ್ರೆ?"

"ಬಾಯಿ ಮುಚ್ಚಿ ಬಿಚ್ಚೇ."

"ನೀವೂ ಬೈತೀರಿ. ನಿಮಗೇನು, ಅಲ್ಲಿ ದೊಡ್ಡ ಹಿತ್ತಲಿದೆ. ನಮ್ಮ ಮನೇಲಿ ಗುಂಡಿಗೆ ಹಾಕಿದ್ರೆ ಬಸವನಹುಳು ಬಂದು ಗೋಡೆ ಹತ್ತುತ್ತೆ. ಆ ಕಡೆಯವರು ವಾಸನೆ ಅಂತಾರೆ, ಈ ಕಡೆಯವರು ಸೊಳ್ಳೆ ಅಂತಾರೆ. ನಾಲ್ಕೂವರೆಗೆ ಎದ್ದು ಡಬ್ಬಿ ಕಟ್ಟಬೇಕು, ನೀರು ಹಿಡೀಬೇಕು. ಮಣ್ಣು ಎಳೆಯೋಕೆ ಮಣ್ಣಾದ್ರೂ ಎಲ್ಲಿದೆ ಅಲ್ಲಿ? ಅತ್ತೆಗೆ ಹೇಳಿದ್ರೆ ಸೋಮಾರಿ ಅಂತಾರೆ."

ನಾನು ಇನ್ನೊಂದು ಕವರು ಎಳೆದು ಬಿಚ್ಚಿದೆ. ಹೊತ್ತು ಏರಿದಂತೆಲ್ಲ ಅಲ್ಲಿ ಮನೆಯಲ್ಲಿ ಅತ್ತೆಯ ಮೈ ಬೆವರುತ್ತಿರಬಹುದು, ಕೈ ನಡುಗುತ್ತಿರಬಹುದು ಎಂದು ನೆನೆದು ಇನ್ನೂ ಬೇಗ ಬೇಗ ಬಿಚ್ಚಿದೆ. ಬಾಯಲ್ಲಿ ಓಂ ನಮಃ ಶಿವಾಯ ಬಿಟ್ಟರೆ ಬೇರೆ ಮಾತಿರಲಿಲ್ಲ. ಇನ್ನು ಸ್ವಲ್ಪ ಹೊತ್ತು ನೋಡಿ, ಸಿಗದಿದ್ದರೆ ಮನೆಗೆ ಹೋಗಿ ಬಲವಂತವಾಗಿಯಾದರೂ ಸಕ್ಕರೆ ನೀರು ಹುಯ್ಯುವುದೆಂದು ಮನಸ್ಸು ಮಾಡಿದೆ. ಅತ್ತೆ ಆಮೇಲೆ ಜನ್ಮದಲ್ಲಿ ನನ್ನ ಮುಖ ನೋಡದಿದ್ದರೂ ಸರಿ.

"ಅಕ್ಕಾ!"

ಎರಡು ಬಂಡೆಗಳ ಸಂದಿನಲ್ಲಿ ಒಂದು ಹಳದಿ ಕವರು ಅರ್ಧ ಮುಳುಗಿ ಸಿಕ್ಕಿಕೊಂಡಿತ್ತು. ಗಾಳಿ ತುಂಬಿಕೊಂಡಿದ್ದ ಮೇಲರ್ಧ ಮಾತ್ರ ನೀರಿನ ಮೇಲಿತ್ತು. ಅವಳು ಹೊಟ್ಟೆಯ ಮೇಲೆ ಬಂಡೆಗೆ ಮಲಗಿ ಕೈ ಚಾಚಿ ಎಳೆದಳು. ಎರಡು ಗಂಟು. ಒದ್ದೆಯಾಗಿ ಬಿಗಿದುಕೊಂಡಿದ್ದವು, ಉಗುರಿಗೆ ಬಗ್ಗಲಿಲ್ಲ. ಹಲ್ಲಿನಲ್ಲಿ ಕಚ್ಚಿ ಹರಿದಳು. ಮೇಲೆಯೇ ಅಂದಿನ ಮಲ್ಲಿಗೆ, ಮೂರೆಲೆಯ ಬಿಲ್ವ. ಅದರ ನಡುವೆ ಕಪ್ಪಗೆ, ವಿಭೂತಿ ಮೆತ್ತಿಕೊಂಡು, ಲಿಂಗ.

ಇಬ್ಬರೂ ಕೈ ಹಾಕಲಿಲ್ಲ. ಒಬ್ಬರ ಲಿಂಗವನ್ನು ಇನ್ನೊಬ್ಬರು ಮುಟ್ಟಬಾರದು. ನಾನು ಸೆರಗು ಹರಡಿದೆ. ಅವಳು ಹೂಪತ್ರೆಯ ಸಮೇತ ಅದರಲ್ಲಿ ಸುರಿದಳು. ಎದೆಗೆ ಅವುಚಿಕೊಂಡು ದಡ ಹತ್ತಿದೆ. ಆಟೋದವನು ನಮ್ಮ ಕೆಸರು ನೋಡಿ ಮುಖ ಸಿಂಡರಿಸಿದರೂ ಹತ್ತಿಸಿಕೊಂಡ. ಅದೂ ಒಂದು ಪುಣ್ಯವೇ.

"ಗುಂಡೀಲೇ ಸಿಕ್ತು ಅಂತ ಹೇಳಿಬಿಡಿ ಅಕ್ಕ," ಎಂದಳು ದಾರಿಯಲ್ಲಿ, ನನ್ನ ಕಡೆ ನೋಡದೆ. ಆ ಗಳಿಗೆಯಲ್ಲಿ ಅತ್ತೆ ನೀರು ಕುಡಿದರೆ ಸಾಕಾಗಿತ್ತು ನನಗೆ.

ಅತ್ತೆಯನ್ನು ನಡುಮನೆಯಲ್ಲಿ ಚಾಪೆಯ ಮೇಲೆ ಮಲಗಿಸಿದ್ದರು. ಹಣೆಯೆಲ್ಲ ತಣ್ಣನೆಯ ಬೆವರು, ತುಟಿ ಬಿಳುಪೇರಿತ್ತು. ಪಕ್ಕದ ಮನೆಯಾಕೆ ಸಕ್ಕರೆ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಅವರ ಬಾಯನ್ನೇ ನೋಡುತ್ತಾ ಕೂತಿದ್ದಳು. ನಾನು ಬಗ್ಗಿ ಸೆರಗು ಬಿಚ್ಚಿದೆ. ಅತ್ತೆ ಎದ್ದು ಕೂತು ಹೂಪತ್ರೆಯೊಳಗೆ ಕೈ ಆಡಿಸಿದರು. ಬೆರಳಿಗೆ ನಂಬಿಕೆ ಬರಲಿಲ್ಲವೇನೋ, ಸಿಕ್ಕಿದ್ದನ್ನು ಎತ್ತಿ ಕೆನ್ನೆಗೆ ಒತ್ತಿಕೊಂಡರು. ಆಮೇಲೆ ಕೇಳಿದರು.

"ಗುಂಡೀಲಿ ಎಷ್ಟು ಕೆಳಗಿತ್ತು?"

ನಾನು ಬಾಯಿ ತೆರೆಯುವ ಮುಂಚೆ ಓರಗಿತ್ತಿಯೇ ಹೇಳಿದಳು. "ಗುಂಡೀಲಿರಲಿಲ್ಲ ಅತ್ತೆ. ಹೊಳೇಲಿತ್ತು. ನಾನು ಕವರಿಗೆ ಹಾಕಿ ಕಳಿಸಿದ್ದೆ. ದಿನಾ ಹಾಗೇ ಮಾಡ್ತಿದ್ದೆ."

ಅತ್ತೆ ಕೆನ್ನೆಯಿಂದ ಲಿಂಗ ತೆಗೆದು ಅಂಗೈಯಲ್ಲಿ ಇಟ್ಟುಕೊಂಡು ನೋಡಿದರು. ನಾನು ತಾಮ್ರದ ಚೊಂಬಿನಲ್ಲಿ ನೀರು ಹಿಡಿದು ನಿಂತಿದ್ದೆ. ಅವರು ಕೈ ಚಾಚಲಿಲ್ಲ.

"ಹೊಳೆಗೆ ಬಿಟ್ಟದ್ದನ್ನ ವಾಪಸ್ ಕಟ್ಕೋಬಹುದಾ?" ಎಂದರು.

ನನಗೆ ಭಯವಾದದ್ದು ಆಗ. ಸಿಕ್ಕಿಯೂ ಸಿಗದ ಹಾಗೆ ಆಯಿತಲ್ಲ! ಹೊಳೆಗೆ ಬಿಡುವುದೆಂದರೆ ಒಪ್ಪಿಸಿಬಿಟ್ಟ ಹಾಗೆ ಎಂದು ಅವರು ಹಿಡಿದು ಕೂತರೆ, ಅಯ್ಯನವರು ಬರುವವರೆಗೆ ಈ ಮುದಿ ದೇಹ ತಡೆಯುವುದಿಲ್ಲ. ಚೊಂಬನ್ನು ಅವರ ಕೈಗೆ ಇನ್ನಷ್ಟು ಹತ್ತಿರ ಹಿಡಿದೆ. ಓರಗಿತ್ತಿ ಗೋಡೆಗೆ ಒರಗಿ ಕುಸಿದು ಕೂತಳು. ಅವಳ ಸೀರೆಯಿಂದ ಕೆಸರು ನೀರು ತೊಟ್ಟಿಕ್ಕುತ್ತಿತ್ತು. ಅತ್ತೆಯ ಕಣ್ಣು ಅವಳ ಕಡೆಗೆ ಹೋಯಿತು. ಸೊಂಟದವರೆಗಿನ ಕೆಸರು, ಬಂಡೆಗೆ ತರಚಿ ರಕ್ತ ಜಿನುಗುತ್ತಿದ್ದ ಮೊಣಕೈ, ಎಲ್ಲವನ್ನೂ ಆ ಒಂದು ಕಣ್ಣಿನಲ್ಲೇ ನೋಡಿದರು.

"ಬಿಟ್ಟಿದ್ದು ನಾನಲ್ಲ," ಎಂದರು ಕೊನೆಗೆ, ತಮಗೆ ತಾವೇ ಲೆಕ್ಕ ಒಪ್ಪಿಸುವ ಹಾಗೆ. "ನಾನು ಕೊಡದೇ ಇರೋದನ್ನ ಹೊಳೆ ಹೇಗೆ ಇಟ್ಕೊಳ್ಳುತ್ತೆ? ಇಟ್ಕೊಳ್ಳಲಿಲ್ಲ, ನೋಡು. ನೀರು ಹುಯ್ಯಿ."

ನಾನು ನೀರೆರೆದೆ. ಅವರು ಲಿಂಗ ತೊಳೆದು, ವಿಭೂತಿ ಹಚ್ಚಿ, ಕಣ್ಣಿಗೊತ್ತಿಕೊಂಡು, ಆ ನೀರನ್ನೇ ಮೂರು ಸಲ ಕುಡಿದರು. ಆಮೇಲೆ ಚೊಂಬನ್ನು ಎರಡೂ ಕೈಯಲ್ಲಿ ಹಿಡಿದು ಗಟಗಟನೆ ಇಳಿಸಿದರು. ಪಕ್ಕದ ಮನೆಯಾಕೆ ಕೂಡಲೇ ಒಂದು ಹಿಡಿ ಸಕ್ಕರೆಯನ್ನು ಅವರ ಅಂಗೈಗೆ ಸುರಿದಳು. ಅದನ್ನೂ ಲಿಂಗಕ್ಕೆ ತೋರಿಸಿಯೇ ಬಾಯಿಗೆ ಹಾಕಿಕೊಂಡರು. ಮುಖಕ್ಕೆ ರಕ್ತ ಬರುವುದನ್ನು ನಾನು ನೋಡುತ್ತಾ ನಿಂತೆ.

ಬಂದ ಶಕ್ತಿ ಮೊದಲು ನಾಲಿಗೆಗೇ ಬಂತು. "ಅಲ್ಲ ಕಣೇ, ಆ ಪ್ಲಾಸ್ಟಿಕ್ ಚೀಲದಲ್ಲಿ ಶಿವ ಉಸಿರಾಡೋಕೆ ಒಂದು ತೂತನ್ನಾದ್ರೂ ಇಟ್ಟಿದ್ಯಾ?"

"ತೂತು ಇಟ್ಟಿದ್ರೆ ನೀರು ನುಗ್ಗಿ ಮುಳುಗಿ ಹೋಗ್ತಿತ್ತು ಅತ್ತೆ," ಎಂದಳು ಓರಗಿತ್ತಿ, ಮೂಗು ಒರೆಸಿಕೊಳ್ಳುತ್ತಾ. "ಗಾಳಿ ಇದ್ದಿದ್ದಕ್ಕೇ ತೇಲ್ತಿತ್ತು."

"ಅಯ್ಯೋ ಇವಳ! ಕವರಿಗೆ ಹಾಕದೇ ಇದ್ದಿದ್ರೆ ಹೊಳೆಗೇ ಹೋಗ್ತಿರಲಿಲ್ಲ!"

ಇಬ್ಬರ ಮಾತೂ ನಿಜವೇ. ಯಾರ ಪರವೂ ನಾನು ವಹಿಸಲಿಲ್ಲ. ನಿರ್ಮಾಲ್ಯಕ್ಕೆ ಇಲ್ಲಿ ಗುಂಡಿ ಸಾಗುವುದಿಲ್ಲ, ಬಸವನಹುಳು ಬರುತ್ತದೆ ಎಂದಷ್ಟೇ ಹೇಳಿದೆ. ಮೆಟ್ಟಿಲ ಕೆಳಗೆ ಬಿರುಕು ಬಿಟ್ಟ ನೀರಿನ ಮಡಕೆಯೊಂದು ಬಿದ್ದಿರುವುದನ್ನು ನೋಡಿದ್ದೆ. ಅದರ ತಳಕ್ಕೆ ತೆಂಗಿನ ನಾರು ಹಾಸಿ, ದಿನದ ಹೂಪತ್ರೆ ಹಾಕಿ, ಮೇಲೆ ಒಣಗಿದ ಎಲೆ ಮುಚ್ಚಿ, ಬಾಯಿಗೆ ಹಳೇ ಸೀರೆಯ ತುಂಡು ಬಿಗಿದು ಇಟ್ಟರೆ ಅಲ್ಲೇ ಗೊಬ್ಬರವಾಗುತ್ತದೆ, ನೊಣವೂ ಬರುವುದಿಲ್ಲ, ಪಕ್ಕದವರಿಗೆ ವಾಸನೆಯೂ ಹೋಗುವುದಿಲ್ಲ ಎಂದೆ.

ಅತ್ತೆ ಯೋಚನೆ ಮಾಡಿದರು. "ಮಡಕೆ ನಾನು ನೋಡ್ಕೋತೀನಿ. ಇವಳಿಗೆ ಬೆಳಗಿನ ಜಾವ ಕೈ ಬಿಡುವಿಲ್ಲ," ಎಂದರು. ಓರಗಿತ್ತಿ ತಲೆಯೆತ್ತಿದಳು. ಅವಳ ಬಿಡುವಿನ ಬಗ್ಗೆ ಆ ಮನೆಯಲ್ಲಿ ಯಾರಾದರೂ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. "ತಟ್ಟೇನ ಮಾತ್ರ ನಾನು ಎರಡು ಸಲ ತಡಕಿ ನೋಡೋವರೆಗೂ ಎತ್ತಬೇಡ."

"ಮೂರು ಸಲ ತಡಕಿ ಅತ್ತೆ. ನಾನು ಕಾಯ್ತೀನಿ."

"ಸಾಕು ಬಿಡೇ, ಹೋಗಿ ಸೀರೆ ಬದಲಾಯಿಸು, ನೆಲ ಎಲ್ಲ ಕೆಸರು," ಎಂದು ಗದರಿ, ಅತ್ತೆ ಲಿಂಗವನ್ನು ಬಟ್ಟೆಯಲ್ಲಿ ಸುತ್ತತೊಡಗಿದರು. ಗಂಟು ಹಾಕುವ ಮುಂಚೆ ಇನ್ನೊಮ್ಮೆ ಕೆನ್ನೆಗೆ ಒತ್ತಿ ನೋಡಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ಹಸಿವಾಗ್ತಿದೆ ಕಣೇ. ಗಂಜಿಯಾದ್ರೂ ಮಾಡ್ತೀಯಾ?" ಎಂದರು.

ನಾನು ಕೈಕಾಲು ತೊಳೆದುಕೊಂಡು ಅಡಿಗೆಮನೆಗೆ ಹೋಗಿ, ಅಕ್ಕಿ ಡಬ್ಬಿ ಹುಡುಕಿ, ಒಂದು ಪಾವು ಅಳೆದು ತೊಳೆಯಲು ಕೂತೆ.